ಏಳು ಸುತ್ತು ಬಲಕ್ಕೆ

ಮಾರ್ಚ್ 4

ಬುಗುರಿಗೆ ತಾತನ ಆಶೀರ್ವಾದ.

ನಿನ್ನ ಕಾಗದ ನಿನ್ನೆ ಕೈಸೇರಿತು. ಲಕೋಟೆಯ ಬಾಯಿಯ ಉದ್ದಕ್ಕೂ ಕಂದು ಕಲೆ ಇತ್ತು. ಯಾರೋ ಬಿಚ್ಚಿ, ಓದಿ, ಮತ್ತೆ ಅಂಟಿಸಿದ್ದಾರೆ. ನಿನ್ನ ಅಮ್ಮನನ್ನು ಕೇಳಿದೆ. "ಅಪ್ಪಾ, ನಾಳೆಯೊಳಗೆ ಹನ್ನೊಂದು ಸ್ಕೂಲ್ ಅಂಗಿ ಹೊಲಿದು ಕೊಡ್ಬೇಕು, ನಿಮ್ಮಿಬ್ಬರ ಕಾಗದ ಓದೋಕೆ ನನಗೆ ಪುರುಸೊತ್ತೆಲ್ಲಿದೆ?" ಅಂದಳು. ಇಲ್ಲ ಎಂದರೆ ಸಾಕಾಗಿತ್ತು. ಅಷ್ಟು ಉದ್ದದ ಉತ್ತರ ಕೊಟ್ಟಳಲ್ಲ, ಅದೇ ನನಗೆ ಅನುಮಾನ.

ಫೋನು ಮಾಡಿ ಎಂದು ಮತ್ತೆ ಬರೆದಿದ್ದೀಯ. ಫೋನಿನಲ್ಲಿ ನೀವು ಆಡುವ ಮಾತು ಅರ್ಧ ನನಗೆ ಕೇಳಿಸುವುದಿಲ್ಲ. ನಾನು ಕೂಗಿ ಹೇಳುವುದು ಇಡೀ ಬೀದಿಗೆ ಕೇಳಿಸುತ್ತದೆ. ಕಾಗದವೇ ಸರಿ. ಆದರೆ ಇನ್ನು ಮೇಲೆ ಮನೆಗೆ ಹಾಕಬೇಡ, ಮೂಲೆಯ ಕ್ಷೌರದಂಗಡಿಯ ವಿಳಾಸಕ್ಕೆ ಹಾಕು. ಕ್ಷೌರದವನಿಗೆ ಬಾಯಿ ಜಾಸ್ತಿ ನಿಜ. ಆದರೆ ಅವನಿಗೆ ಓದಲು ಬರುವುದಿಲ್ಲ.

ಹೇಳಬೇಕಾದ ವಿಷಯ ಬೇರೆ ಇದೆ. ಹನ್ನೆರಡು ದಿನದಿಂದ ನಮ್ಮ ಬೀದಿಗೆ ನೀರು ಬರುವುದು ಪೆನ್ಸಿಲ್ ದಪ್ಪಕ್ಕೆ. ಗಡಿಯಾರ ಹಿಡಿದು ನೋಡಿದೆ. ಒಂದು ಬಕೆಟ್ ತುಂಬುವುದಕ್ಕೆ ಮೊದಲು ಐವತ್ತು ಸೆಕೆಂಡು ಬೇಕಿತ್ತು, ಈಗ ಒಂಬತ್ತು ನಿಮಿಷ. ಮೂವತ್ತಾರು ವರ್ಷ ಈ ಊರಿಗೆಲ್ಲ ನೀರು ಬಿಟ್ಟ ವಾಲ್ವ್‌ಮನ್ ನಾನು. ಈಗ ನನ್ನ ಮನೆಯ ನಲ್ಲಿಯ ಮುಂದೆಯೇ ಕೈಕಟ್ಟಿ ನಿಂತಿದ್ದೇನೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಫೆಬ್ರವರಿ ಹದಿನಾರಕ್ಕೆ ನಮ್ಮ ವಾರ್ಡಿನ ಕೌನ್ಸಿಲರ್ ಮನೆಗೆ ಬಂದ. ಕರೆಂಟು ಕಂಬ ಕಂಡರೂ ಕೈಮುಗಿಯುತ್ತಾನೆಂದು ಊರು ಅವನನ್ನು ನಮಸ್ಕಾರಣ್ಣ ಎಂದು ಕರೆಯುತ್ತದಲ್ಲ, ಅವನೇ. ಮೇ ತಿಂಗಳಲ್ಲಿ ಚುನಾವಣೆ. ಅವನ ವೇದಿಕೆಯ ಮೇಲೆ ನಾನು ಕೂರಬೇಕಂತೆ. "ನೀವು ಕೂತ್ರೆ ಸಾಕು, ಮಾತಾಡೋದೇನೂ ಬೇಡ" ಅಂದ. "ಮಾತಾಡದೆ ಕೂರೋಕೆ ನಮ್ಮನೇಲೇ ಕುರ್ಚಿ ಇದೆ" ಅಂದೆ. ನಾಲ್ಕನೆಯ ದಿನಕ್ಕೆ ನೀರು ಹೋಯಿತು.

ಅದರ ಹಿಂದಿನ ದಿನ ಕೊಕ್ಕರೆ ಬಂದಿದ್ದ. ಗೊತ್ತಲ್ಲ, ಉದ್ದ ಕಾಲಿನವನು, ನನ್ನ ಹತ್ತಿರವೇ ಕಲಿತು ನನ್ನ ಜಾಗಕ್ಕೆ ಬಂದವನು. ಬೇಸಿಗೆ ಬರುತ್ತಿದೆ, ನೀರಿನ ರಭಸ ಸ್ವಲ್ಪ ಕಮ್ಮಿಯಾಗಿದೆಯಲ್ಲೋ ಎಂದು ನಾನು ಅಂದಿದ್ದೆ, ಅಷ್ಟೇ. ಅವನು ಹೋಗಿ ಹಿಟ್ಟಿನ ಗಿರಣಿಯ ಮುಂದಿನ ಗುಂಡಿಯಲ್ಲಿ ಅದೇನೋ ಮಾಡಿ ಬಂದು, "ಗುರುಗಳೇ, ನಿಮಗೋಸ್ಕರ ವಾಲ್ವ್ ಪೂರ್ತಿ ತಿರುಗಿಸಿಬಿಟ್ಟೆ, ನಾಳೆಯಿಂದ ನಿಮ್ಮ ಬೀದೀಲಿ ಈಜಬಹುದು" ಎಂದು ಹಲ್ಲು ಕಿರಿದ. ಮಾರನೆಯ ದಿನವೇ ಪೆನ್ಸಿಲ್ ಧಾರೆ. ಅತ್ತ ಮೇಲಿನ ಬೀದಿಯಲ್ಲಿ ನಮಸ್ಕಾರಣ್ಣನ ತೊಟ್ಟಿ ತುಂಬಿ ರಸ್ತೆಗೆ ಹರಿಯುತ್ತಿದೆ.

ಎರಡೂ ಎರಡೂ ಎಷ್ಟು ಎಂದು ನೀನೇ ಹೇಳು.

ನಿನ್ನ ತಾತ


ಮಾರ್ಚ್ 10

ತಾತ,

ನೀನು ಮೊದಲು ಅಮ್ಮನ ಹತ್ತಿರ ತಪ್ಪಾಯಿತು ಎಂದು ಹೇಳು. ಆ ಕಂದು ಕಲೆ ನನ್ನದು. ಮೋಟರಿನ ತಂತಿ ಸುರುಳಿಗೆ ನಾವು ವಾರ್ನಿಷ್ ಹಚ್ಚುತ್ತೇವೆ. ಅಂಗಡಿಯಲ್ಲಿ ಅಂಟು ಇರಲಿಲ್ಲ, ಅದನ್ನೇ ಲಕೋಟೆಗೆ ಬಳಿದೆ. ಈ ಲಕೋಟೆಗೂ ಅದನ್ನೇ ಬಳಿಯುತ್ತೇನೆ, ಗಾಬರಿಯಾಗಬೇಡ. ಮತ್ತೆ, ಕ್ಷೌರದವನಿಗೆ ಓದಲು ಬರುವುದಿಲ್ಲ ಎಂದು ನಿನಗೆ ಯಾರು ಹೇಳಿದರು? ನಾನು ಚಿಕ್ಕವಳಿದ್ದಾಗ ಪೇಪರಿನ ಸಿನಿಮಾ ಪುಟವನ್ನು ಅವನೇ ಓದಿ ಹೇಳುತ್ತಿದ್ದ.

ಕೆಲಸ ಚೆನ್ನಾಗಿದೆ. ಸುಟ್ಟುಹೋದ ಮೋಟರು ಬರುತ್ತದೆ. ಹಳೆಯ ತಾಮ್ರ ಕಿತ್ತು, ಸುತ್ತು ಎಣಿಸಿ, ಅಷ್ಟೇ ಸುತ್ತು ಹೊಸದು ಹಾಕುತ್ತೇನೆ. ಒಂದು ಸುತ್ತು ಹೆಚ್ಚು ಕಮ್ಮಿಯಾದರೂ ಮೇಸ್ತ್ರಿ ಬಯ್ಯುತ್ತಾರೆ. "ಶಾಲೇಲಿ ಎಣಿಸೋದು ಕಲಿಯೋ ಮೊದಲೇ ಓಡಿ ಬಂದ್ಯಾ?" ಎನ್ನುತ್ತಾರೆ. ನಾಲ್ಕು ತಿಂಗಳಾಯಿತು. ಇದುವರೆಗೆ ಹಿಡಿದ ಮೂರು ಕೆಲಸಗಳಲ್ಲಿ ಇದೇ ಹೆಚ್ಚು ದಿನ ನಿಂತದ್ದು.

ನೀರಿನ ವಿಷಯ. ನೀನು ಬರೆದದ್ದನ್ನು ಎರಡು ಸಲ ಓದಿದೆ. ನಮಸ್ಕಾರಣ್ಣ ಒಳ್ಳೆಯವನಲ್ಲ ಎಂಬುದು ಸರಿ. ಕೊಕ್ಕರೆ ಕೆಟ್ಟವನು ಎಂಬುದಕ್ಕೆ ಮಾತ್ರ ನೀನು ಏನೂ ಬರೆದಿಲ್ಲ. ಹೋದ ವರ್ಷ ನೀನು ಬಚ್ಚಲಿನಲ್ಲಿ ಜಾರಿ ಬಿದ್ದಾಗ ಸೈಕಲ್ ಮೇಲೆ ಕೂರಿಸಿ, ತಳ್ಳಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದವನು ಅವನು. ಅಮ್ಮ ಹೇಳಿದಳು. ನೀನು ಹೇಳಿರಲಿಲ್ಲ.

ಮಂಡಿ ಹೇಗಿದೆ?

ಬುಗುರಿ


ಮಾರ್ಚ್ 17

ಬುಗುರಿಗೆ,

ವಾರ್ನಿಷ್ ಎಂದೆ, ಸರಿ, ನಂಬಿದೆ. ನಿನ್ನ ಅಮ್ಮನಿಗೆ ತಪ್ಪಾಯಿತು ಎಂದು ಹೇಳಿಲ್ಲ, ಆದರೆ ಎರಡು ದಿನದಿಂದ ಅವಳ ಸಾರು ಚೆನ್ನಾಗಿದೆ ಎನ್ನುತ್ತಿದ್ದೇನೆ. ಅವಳು ಅದನ್ನೂ ಅನುಮಾನದಿಂದ ನೋಡುತ್ತಾಳೆ. ನನ್ನ ಮಗಳೇ ಅಲ್ಲವೇ.

ಕೊಕ್ಕರೆಯ ಮೇಲೆ ಏನೂ ಬರೆದಿಲ್ಲ ಎಂದೆಯಲ್ಲ, ತಗೋ. ನಾನು ಕೇಳಿದ ಮೇಲೆ ಅವನು ಇನ್ನೊಂದು ಸಲ ಗಿರಣಿಯ ಮುಂದಿನ ಗುಂಡಿಗೆ ವಾಲ್ವ್ ತಿರುಗಿಸುವ ಉದ್ದ ಕೀಲಿ ಇಳಿಸಿದ. ನಾನು ರಸ್ತೆಯ ಆಚೆ ನಿಂತು ನೋಡಿದೆ. ತಿರುಗಿಸಿ ಮುಗಿಸಿ, "ಇನ್ನು ತಿರುಗೋಕೆ ಜಾಗ ಇಲ್ಲ ಗುರುಗಳೇ, ಬಿಗಿಯಾಗೋವರೆಗೂ ತೆಗೆದಿದ್ದೀನಿ" ಎಂದು ಬೆವರು ಒರೆಸಿಕೊಂಡ. ಮನೆಗೆ ಬಂದು ಪೈಪಿನ ಮೇಲೆ ಅಂಗೈ ಇಟ್ಟೆ. ಇದ್ದದ್ದೂ ಕಮ್ಮಿಯಾಗಿತ್ತು. ಕಣ್ಣೆದುರಿಗೇ ಮೋಸ. ಮೂರು ತಿಂಗಳಲ್ಲಿ ಅವನ ಕೆಲಸ ಕಾಯಂ ಆಗಬೇಕು, ಆ ಪಟ್ಟಿಗೆ ಹೆಸರು ಸೇರಿಸುವವನು ನಮಸ್ಕಾರಣ್ಣ. ನಾನೇ ತಿರುಗಿಸಿ ನೋಡೋಣವೆಂದರೆ ಕೀಲಿ ಮುಟ್ಟುವ ಹಕ್ಕು ನನಗಿಲ್ಲ. ನಿವೃತ್ತನಾದ ದಿನ ಹಾರ ಹಾಕಿ ಕಿತ್ತುಕೊಂಡರು.

ಈ ವಯಸ್ಸಿನಲ್ಲಿ ಒಂದು ವಿಚಿತ್ರ ನೋಡು. ಜನ ನಮ್ಮ ಮಾತಿಗೆ ತಲೆಯಾಡಿಸುತ್ತಾರೆ, ಆದರೆ ಯಾರೂ ನಮ್ಮನ್ನು ಏನೂ ಕೇಳುವುದಿಲ್ಲ. ಎಂಟು ವರ್ಷದಲ್ಲಿ ಒಬ್ಬನೇ ಒಬ್ಬ ಇಂಜಿನಿಯರ್ ಬಂದು, ಯಜಮಾನರೇ, ಈ ಪೈಪು ಎಲ್ಲಿ ಹೋಗುತ್ತದೆ ಎಂದು ಕೇಳಲಿಲ್ಲ. ಈಗ ಮಾತ್ರ ಕೇಳುತ್ತಿದ್ದಾರೆ. ನಮಸ್ಕಾರಣ್ಣನ ಎದುರು ನಿಂತಿರುವ ಕಣ್ಣಿನ ಡಾಕ್ಟರು ಎರಡು ಸಲ ಮನೆಗೆ ಬಂದ. ಕೈ ಹಿಡಿದುಕೊಂಡು ಫೋಟೋ ತೆಗೆಸಿಕೊಂಡ. "ನೀವು ಒಂದು ಅರ್ಜಿ ಕೊಡಿ, ನಿಮ್ಮ ಮಾತು ಅಂದ್ರೆ ಮಾತು" ಅಂದ.

ನಿನ್ನ ಅಕ್ಷರ ಮುತ್ತಿನ ಹಾಗಿದೆ. ಅರ್ಜಿಯನ್ನು ನೀನು ಬರೆದು ಕಳಿಸು. ನಡೆದದ್ದೆಲ್ಲ ನಿನಗೆ ಗೊತ್ತು. ಕೊನೆಯಲ್ಲಿ ಒಂದು ಸಾಲು ಸೇರಿಸು: ಫೆಬ್ರವರಿಯಲ್ಲಿ ರಜೆಗೆ ಬಂದಿದ್ದಾಗ ಕೊಕ್ಕರೆಯೂ ಕೌನ್ಸಿಲರೂ ಗಿರಣಿಯ ಮುಂದಿನ ವಾಲ್ವ್ ಹತ್ತಿರ ನಿಂತು ಮಾತಾಡುವುದನ್ನು ನಾನು ಕಣ್ಣಾರೆ ಕಂಡೆ ಎಂದು. ನೀನೇ ತಾನೇ ಬಂದು ನನಗೆ ಹೇಳಿದ್ದು?

ತಾತ


ಮಾರ್ಚ್ 22

ತಾತ,

ಅರ್ಜಿ ಜೊತೆಗಿದೆ. ನೀರು ನಿಂತದ್ದು, ಬಕೆಟ್ಟಿನ ಲೆಕ್ಕ, ನಮಸ್ಕಾರಣ್ಣ ಬಂದದ್ದು, ಎಲ್ಲ ಬರೆದಿದ್ದೇನೆ. ಕೊನೆಯ ಸಾಲು ಬರೆದಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ನಾನು ನಿನಗೆ ಹೇಳಿದ್ದು ಇಷ್ಟು: ಅವರಿಬ್ಬರೂ ಗಿರಣಿಯ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದರು. ಅದೇ ಬೆಂಚಿನ ಮೇಲೆ ಪೋಸ್ಟ್‌ಮನ್ ಇದ್ದ, ನಾನೂ ಇದ್ದೆ. ಕೊಕ್ಕರೆ ನನಗೂ ಟೀ ಕೊಡಿಸಿದ. ಅದನ್ನು ಬರೆಯಲೇ?

ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಮೇಷ್ಟ್ರು ಉತ್ತರ ಹೇಳಿಕೊಟ್ಟದ್ದನ್ನು ನಾನು ಇನ್‌ಸ್ಪೆಕ್ಟರಿಗೆ ಹೇಳಿದೆ. ಇಡೀ ಕ್ಲಾಸಿನ ಫಲಿತಾಂಶ ತಡೆದರು. ಆಮೇಲೆ ಶಾಲೆಯಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ, ನಾನು ಶಾಲೆ ಬಿಟ್ಟೆ. ಅಮ್ಮ ಅತ್ತಳು. ನೀನೊಬ್ಬನೇ ನನ್ನ ತಲೆಯ ಮೇಲೆ ಕೈ ಇಟ್ಟು, "ಕಂಡದ್ದನ್ನ ಕಂಡ ಹಾಗೆ ಹೇಳಿದ್ದೀಯ, ಹೋಗಲಿ ಬಿಡು, ಶಾಲೆ ಇನ್ನೊಂದು ಸಿಗುತ್ತೆ" ಅಂದೆ. ಶಾಲೆ ಇನ್ನೊಂದು ಸಿಗಲಿಲ್ಲ. ಆದರೂ ಆ ಮಾತನ್ನು ನಾನು ಇಟ್ಟುಕೊಂಡಿದ್ದೇನೆ.

ಬುಗುರಿ


ಏಪ್ರಿಲ್ 2

ಬುಗುರಿಗೆ,

ಅರ್ಜಿ ಕೊಟ್ಟಾಯಿತು. ನಲವತ್ತಾರು ಜನ ಸಹಿ ಹಾಕಿದರು. ಕ್ಷೌರದಂಗಡಿಯಲ್ಲೇ ಮೂವತ್ತು. ಸೋಪು ಹಚ್ಚಿಸಿಕೊಂಡು ಕೂತವನು ಬೇಡ ಎನ್ನುವ ಹಾಗಿಲ್ಲವಲ್ಲ.

ಕೊಕ್ಕರೆಯನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಮೇ ಆರಕ್ಕೆ ವಿಚಾರಣೆ. ತಪ್ಪು ಎಂದು ಬಂದರೆ ಕಾಯಂ ಆಗುವುದು ಹಾಗಿರಲಿ, ಮನೆಗೇ ಹೋಗುತ್ತಾನೆ. ನಿನ್ನೆ ಎದುರಿಗೆ ಸಿಕ್ಕ. ಗುರುಗಳೇ ಎನ್ನಲಿಲ್ಲ, ತಲೆ ತಗ್ಗಿಸಿಕೊಂಡು ಹೋದ. ತಪ್ಪು ಮಾಡದವನು ತಲೆ ಯಾಕೆ ತಗ್ಗಿಸಬೇಕು?

ನೀನು ಖಾಲಿ ಬಿಟ್ಟ ಜಾಗದಲ್ಲಿ ನಾನೇ ಒಂದು ಸಾಲು ಬರೆದೆ. ನನ್ನ ಮೊಮ್ಮಗಳು ಕಣ್ಣಾರೆ ಕಂಡಿದ್ದಾಳೆ ಎಂದು. ಟೀ ಎಂದು ಬರೆದಿಲ್ಲ, ಅಷ್ಟೇ. ಕಂಡದ್ದಂತೂ ಹೌದಲ್ಲ.

ಒಂದು ವಿಷಯ ನನಗೆ ಬಗೆಹರಿಯುತ್ತಿಲ್ಲ. ಕೊಕ್ಕರೆಯ ಬದಲಿಗೆ ಬೇರೆ ವಾರ್ಡಿನವನೊಬ್ಬ ಬಂದಿದ್ದಾನೆ. ಅವನೂ ಕೀಲಿ ಹಾಕಿ ನೋಡಿ, "ಪೂರ್ತಿ ತೆಗೆದೇ ಇದೆ" ಅಂದ. ನೀರು ಮಾತ್ರ ಹಾಗೇ ಇದೆ. ಇವನನ್ನೂ ಕೊಂಡುಕೊಂಡಿದ್ದಾರೆ. ಎಷ್ಟು ಜನರನ್ನು ಕೊಳ್ಳುತ್ತಾರೋ ನೋಡೇಬಿಡುತ್ತೇನೆ.

ತಾತ


ಏಪ್ರಿಲ್ 8

ತಾತನವರಿಗೆ,

ನನ್ನ ಹೆಸರಿನಲ್ಲಿ ನೀವು ಸುಳ್ಳು ಬರೆದಿದ್ದೀರಿ. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು.

ಈಗ ನನ್ನ ಕೈಯಲ್ಲಾದ ಒಂದು ತಪ್ಪು ಹೇಳುತ್ತೇನೆ. ಹೋದ ವಾರ ಒಂದು ಲಾಂಡ್ರಿಯ ಪಂಪಿನ ಮೋಟರು ಬಂದಿತ್ತು. ಸುರುಳಿ ಸುತ್ತಿದ್ದು ಸರಿ, ಆದರೆ ಕೊನೆಯಲ್ಲಿ ಎರಡು ತಂತಿ ಅದಲುಬದಲು ಜೋಡಿಸಿಬಿಟ್ಟೆ. ಹಾಗೆ ಮಾಡಿದರೆ ಮೋಟರು ಉಲ್ಟಾ ತಿರುಗುತ್ತದೆ. ತಮಾಷೆ ಏನೆಂದರೆ, ಉಲ್ಟಾ ತಿರುಗಿದರೂ ಪಂಪು ಸ್ವಲ್ಪ ನೀರು ಎತ್ತುತ್ತದೆ. ಪೂರ್ತಿ ನಿಂತಿದ್ದರೆ ಯಾರಾದರೂ ಮೋಟರನ್ನು ನೋಡುತ್ತಿದ್ದರು. ಸ್ವಲ್ಪ ಬರುತ್ತಿತ್ತಲ್ಲ, ಲಾಂಡ್ರಿಯವನು ಪೈಪಿನಲ್ಲಿ ಕಸ ಕಟ್ಟಿದೆ ಎಂದುಕೊಂಡು ಇದ್ದಬದ್ದ ಪೈಪನ್ನೆಲ್ಲ ಬಿಚ್ಚಿಸಿದ. ಆಮೇಲೆ ಕೆಲಸದ ಹುಡುಗರು ಏನೋ ಕಿತಾಪತಿ ಮಾಡಿದ್ದಾರೆ ಎಂದು ಅವರ ಮೇಲೆ ಹರಿಹಾಯ್ದ. ತಪ್ಪು ನನ್ನದು ಎಂದು ಗೊತ್ತಿದ್ದದ್ದು ನನಗೂ ಮೇಸ್ತ್ರಿಗೂ ಮಾತ್ರ.

ಆ ಪಂಪಿನ ಮುಂದೆ ನಿಂತಾಗ ನನಗೆ ಗಿರಣಿಯ ಮುಂದಿನ ಗುಂಡಿ ನೆನಪಾಯಿತು. ಚಿಕ್ಕವಳಿದ್ದಾಗ ನೀವು ನನ್ನನ್ನು ಬೆಳಗಿನ ಸುತ್ತಿಗೆ ಕರೆದುಕೊಂಡು ಹೋಗುತ್ತಿದ್ದಿರಿ. ಆ ಉದ್ದ ಕಬ್ಬಿಣದ ಕೀಲಿಯನ್ನು ಗುಂಡಿಗಿಳಿಸಿ, ಅದರ ಅಡ್ಡ ಹಿಡಿಯನ್ನು ತಳ್ಳುತ್ತಾ ಸುತ್ತ ನಡೆಯುತ್ತಿದ್ದಿರಿ. ಎಲ್ಲ ಕಡೆಯೂ ನಾನು ಜೋರಾಗಿ ಎಣಿಸಬೇಕಿತ್ತು. ಗಿರಣಿಯ ಮುಂದೆ ಮಾತ್ರ "ಎಣಿಸಬೇಡ, ಕಣ್ಣು ಮುಚ್ಚಿಕೋ" ಎನ್ನುತ್ತಿದ್ದಿರಿ. ನಾನು ಬೆರಳಿನ ಸಂದಿಯಿಂದ ನೋಡಿದ್ದೆ. ಬೇರೆ ಕಡೆ ನೀರು ಬಿಡುವಾಗ ನೀವು ಎಡಕ್ಕೆ ಸುತ್ತುತ್ತಿದ್ದಿರಿ. ಅಲ್ಲಿ ಬಲಕ್ಕೆ ಸುತ್ತಿದ ಹಾಗೆ ನೆನಪು.

ನೆನಪು ಸರಿಯೋ ತಪ್ಪೋ ಗೊತ್ತಿಲ್ಲ. ಆಗ ನನಗೆ ಆರು ವರ್ಷ. ಅದಕ್ಕೇ ಸಾಕ್ಷಿ ಹೇಳುತ್ತಿಲ್ಲ, ಕೇಳುತ್ತಿದ್ದೇನೆ. ಆ ವಾಲ್ವ್ ಉಳಿದವುಗಳ ಹಾಗೆಯೇ ತಿರುಗುತ್ತದೆಯೇ?

ನಿಮ್ಮ ಮೊಮ್ಮಗಳು


ಏಪ್ರಿಲ್ 24

ಬುಗುರಿಗೆ,

ನೀವು ಎಂದು ಬರೆದಿದ್ದೀಯ. ಹುಟ್ಟಿದಾಗಿನಿಂದ ನನಗೆ ನೀನು ಎಂದವಳು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

ಬರೆಯುವುದು ತಡವಾಯಿತು. ಮಂಡಿ ಊದಿತ್ತು. ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳಿ ಎಂದು ನಿನ್ನ ಅಮ್ಮ ಹೇಳುತ್ತಾಳೆ. ಬಿಸಿನೀರಿಗೆ ಮೊದಲು ನೀರು ಬೇಕಲ್ಲ. ಕನ್ನಡಕದ ಕಡ್ಡಿ ಮುರಿದಿತ್ತು. ಆ ಕಣ್ಣಿನ ಡಾಕ್ಟರು, ಚುನಾವಣೆಗೆ ನಿಂತಿರುವವನು, ತಾನೇ ಹೊಸದು ಹಾಕಿಸಿಕೊಡುತ್ತೇನೆ ಅಂದ. ಬೇಡವೆಂದು ದಾರ ಕಟ್ಟಿಕೊಂಡಿದ್ದೇನೆ.

ಊರಿನ ತುಂಬ ಧ್ವನಿವರ್ಧಕ. ನನ್ನ ಕಿವಿಗೂ ಕೇಳಿಸುತ್ತಿದೆ ಎಂದರೆ ನೀನೇ ಯೋಚಿಸು. ಡಾಕ್ಟರ ಆಟೋ ಬಂದು "ಹಿರಿಯರ ಮನೆಗೇ ನೀರಿಲ್ಲ" ಎಂದು ನನ್ನ ಫೋಟೋ ತೋರಿಸುತ್ತದೆ. ಅದು ಹೋದ ಮೇಲೆ ನಮಸ್ಕಾರಣ್ಣನ ಆಟೋ ಬಂದು "ಹಿರಿಯರನ್ನು ದುರುಪಯೋಗ ಮಾಡಿಕೊಳ್ಳಬೇಡಿ" ಎನ್ನುತ್ತದೆ. ಎರಡರಲ್ಲೂ ಹಿರಿಯ ನಾನೇ. ಪಾರ್ಕಿನ ಬೆಂಚಿನಲ್ಲಿ ಕೂತರೆ ಪಕ್ಕದವರು ಯಾವ ಕಡೆಯವರೋ ಎಂದು ಯೋಚಿಸಬೇಕು. ಅವರೂ ಹಾಗೇ ನನ್ನನ್ನು ನೋಡುತ್ತಾರೆ. ಹೀಗಾಗಿ ಇತ್ತೀಚೆಗೆ ಬೆಂಚು ನನಗೊಬ್ಬನಿಗೇ.

ಕೊಕ್ಕರೆಯ ಹೆಂಡತಿ ನಿನ್ನ ಅಮ್ಮನ ಹತ್ತಿರ ಬಟ್ಟೆ ಹೊಲಿಸಲು ಬಂದಿದ್ದಳು. ಅಳತೆ ಕೊಟ್ಟು ಹೋದಳು. ನಾನು ಒಳಗೇ ಇದ್ದೆ.

ವಿಚಾರಣೆಗೆ ಇನ್ನು ಹನ್ನೆರಡು ದಿನ. ನಿನ್ನ ಕೆಲಸ ಹೇಗಿದೆ?

ತಾತ


ಏಪ್ರಿಲ್ 26

ತಾತ,

ನಿಮ್ಮ ಕಾಗದದಲ್ಲಿ ಮಂಡಿ ಇದೆ, ಕನ್ನಡಕ ಇದೆ, ಆಟೋ ಇದೆ. ನಾನು ಕೇಳಿದ್ದಕ್ಕೆ ಉತ್ತರ ಇಲ್ಲ.

ಇಲ್ಲ, ಆ ವಾಲ್ವ್ ಉಳಿದವುಗಳ ಹಾಗೇ ಇದೆ, ನಿನ್ನ ನೆನಪು ತಪ್ಪು ಎಂದಿದ್ದರೆ ನೀವು ಏಪ್ರಿಲ್ ಹತ್ತಕ್ಕೇ ಬರೆದು, ನನ್ನನ್ನು ಚೆನ್ನಾಗಿ ಬಯ್ದು ಅಂಚೆಗೆ ಹಾಕಿರುತ್ತಿದ್ದಿರಿ. ನಾನೂ ನಿಮ್ಮ ಮೊಮ್ಮಗಳೇ, ನನಗೂ ಅನುಮಾನಪಡಲು ಬರುತ್ತದೆ.

ಹೌದೋ ಇಲ್ಲವೋ?


ಏಪ್ರಿಲ್ 30

ಬುಗುರಿ,

ಹೌದು.

ಮೂವತ್ತು ವರ್ಷದ ಹಿಂದಿನ ಮಾತು. ನಮ್ಮ ಬೀದಿಗೆ ಹೊಸ ಪೈಪು ಹಾಕಿದೆವು. ಮರುದಿನ ಬೆಳಿಗ್ಗೆ ಮಂತ್ರಿ ಬಂದು ನಲ್ಲಿ ತಿರುಗಿಸಬೇಕು, ಉಗ್ರಾಣದಲ್ಲಿ ವಾಲ್ವ್ ಇಲ್ಲ. ಮೂಲೆಯಲ್ಲಿ ಒಂದು ಹಳೆಯದು ಬಿದ್ದಿತ್ತು, ಬೇರೆ ಯಾವುದೋ ಕಂಪನಿಯದು. ಉಳಿದವು ಬಲಕ್ಕೆ ತಿರುಗಿಸಿದರೆ ಮುಚ್ಚುತ್ತವೆ. ಅದು ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ, ಬಲಕ್ಕೆ ತಿರುಗಿಸಿದರೆ ತೆರೆಯುತ್ತದೆ. ಅದನ್ನೇ ಕೂರಿಸಿದೆ. ಆಮೇಲೆ ಬದಲಿಸಿದರಾಯಿತು ಎಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ. ಒಟ್ಟು ಹದಿನಾಲ್ಕು ಸುತ್ತಿನ ವಾಲ್ವ್ ಅದು. ಏಳು ಸುತ್ತು ಬಲಕ್ಕೆ ತಿರುಗಿಸಿ ಅರ್ಧ ತೆರೆದಿಡುತ್ತಿದ್ದೆ, ಮೇಲಿನ ಬೀದಿಗೂ ಕೆಳಗಿನ ಬೀದಿಗೂ ನೀರು ಸಮ ಹೋಗಲಿ ಎಂದು. ಅದನ್ನು ನಾನೊಬ್ಬನೇ ಮುಟ್ಟುತ್ತಿದ್ದೆ. ಕೊಕ್ಕರೆಯನ್ನೂ ಮುಟ್ಟಗೊಡಲಿಲ್ಲ. ನಿವೃತ್ತನಾಗುವಾಗ ಅದನ್ನು ಅರ್ಧಕ್ಕೇ ಬಿಟ್ಟು ಬಂದೆ, ಎಂಟು ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ.

ಕೊಕ್ಕರೆ ನನಗೋಸ್ಕರ ಪೂರ್ತಿ ತೆಗೆಯಲು ಹೋಗಿ ಎಡಕ್ಕೆ ತಿರುಗಿಸಿ ಪೂರ್ತಿ ಮುಚ್ಚಿದ. ನಾನು ಬಯ್ದಷ್ಟೂ ಇನ್ನೂ ಬಿಗಿಯಾಗಿ ಮುಚ್ಚಿದ. ಹಳೆಯ ವಾಲ್ವ್ ಎಷ್ಟು ಬಿಗಿದರೂ ಸ್ವಲ್ಪ ಸೋರುತ್ತದೆ. ಆ ಸೋರಿದ್ದೇ ನಮ್ಮ ಪೆನ್ಸಿಲ್ ಧಾರೆ.

ನಿವೃತ್ತನಾದಾಗ ಊರಿನ ಎಲ್ಲ ವಾಲ್ವ್‌ಗಳ ನಕ್ಷೆ ಬರೆದು ಕೊಟ್ಟೆ. ಅದರಲ್ಲಿ ಇದು ತಿರುಗುಮುರುಗು ಎಂದು ಗುರುತು ಹಾಕಲಿಲ್ಲ. ಮರೆತೆ ಎಂದು ಬರೆಯೋಣವೆಂದು ಮೂರು ದಿನದಿಂದ ಕೂತಿದ್ದೇನೆ. ನೀನು ಓದುತ್ತೀಯಲ್ಲ, ಅದಕ್ಕೆ ಬರೆಯಲಾಗುತ್ತಿಲ್ಲ. ಮರೆತಿರಲಿಲ್ಲ. ಬೇಕೆಂದೇ ಬಿಟ್ಟೆ. ಎಂದಾದರೂ ಒಂದು ದಿನ ಅದು ಕೈಕೊಡುತ್ತದೆ, ಆಗ ಯಾರಾದರೂ ಬಂದು ಬಾಗಿಲು ತಟ್ಟಿ, ಗುರುಗಳೇ, ನೀವೇ ಬರಬೇಕು ಎನ್ನುತ್ತಾರೆ ಎಂದುಕೊಂಡೆ. ಒಂದು ವರ್ಷ ಕಾದೆ, ಎರಡು ವರ್ಷ ಕಾದೆ. ಯಾರೂ ಬರಲಿಲ್ಲ. ಆಮೇಲೆ ಏನಾಯಿತು ಗೊತ್ತಾ? ನಿಜವಾಗಿಯೂ ಮರೆತೆ. ಫೆಬ್ರವರಿಯಲ್ಲಿ ಕೊಕ್ಕರೆ ಬಂದು ತಿರುಗಿಸಿಬಿಟ್ಟೆ ಎಂದಾಗ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಕಾಗದದ ಮೇಲಿದ್ದರೆ ಯಾರಾದರೂ ತೆಗೆದುಕೊಳ್ಳುತ್ತಾರೆ ಎಂದು ತಲೆಯೊಳಗೆ ಬಚ್ಚಿಟ್ಟೆ. ತಲೆಯೇ ಅದನ್ನು ಕಳೆದುಬಿಟ್ಟಿತು. ನಿನ್ನ ಪ್ರಶ್ನೆ ಓದಿದ ಕ್ಷಣ ಎಲ್ಲ ನೆನಪಾಯಿತು. ಅಂದಿನಿಂದ ಸುಮ್ಮನಿದ್ದದ್ದು ಮಾತ್ರ ಮರೆವಲ್ಲ.

ನನ್ನ ಹೆಸರಿನಲ್ಲಿ ಒಂದು ಕಾಗದ ನೀನೇ ಬರೆದು ಆಫೀಸಿಗೆ ಹಾಕಿಬಿಡು. ಹೋಗಿ ಅವರೆದುರಿಗೆ ನಿಲ್ಲಲು ನನ್ನಿಂದಾಗದು.

ಇನ್ನೊಂದು. ಈ ಸಲದ ಲಕೋಟೆಯಲ್ಲಿ ವಾರ್ನಿಷ್ ಇಲ್ಲ. ಪೋಸ್ಟಾಫೀಸಿನ ಬಿಳಿ ಅಂಟು. ಕೆಲಸ ಬಿಟ್ಟೆಯಾ, ಬಿಡಿಸಿದರಾ?

ತಾತ


ಮೇ 2

ತಾತ,

ಸಿಕ್ಕಿಬಿದ್ದೆ.

ಬಿಡಿಸಿದರು. ಲಾಂಡ್ರಿಯವನು ತನ್ನ ಹುಡುಗರಲ್ಲಿ ಒಬ್ಬನನ್ನು ಹೊರಗೆ ಹಾಕಲು ಹೊರಟಿದ್ದ. ಮೇಸ್ತ್ರಿ ಸುಮ್ಮನಿರು ಎಂದರು. ನಾನು ಹೋಗಿ ಎರಡು ತಂತಿಯ ವಿಷಯ ಹೇಳಿದೆ. ಮೇಸ್ತ್ರಿ, "ನಿನ್ನ ಸತ್ಯಕ್ಕೆ ನನ್ನ ಅಂಗಡಿ ಚಿಕ್ಕದಾಯ್ತಮ್ಮ, ದೊಡ್ಡದು ಹುಡುಕ್ಕೋ" ಅಂದರು. ಏಪ್ರಿಲ್ ಹನ್ನೊಂದರಿಂದ ಬಸ್ ನಿಲ್ದಾಣದ ಸೈಕಲ್ ಸ್ಟ್ಯಾಂಡಿನಲ್ಲಿ ಟೋಕನ್ ಕೊಡುತ್ತಿದ್ದೇನೆ. ನಿನಗೆ ಹೇಳಲಿಲ್ಲ. ನೀನು ಅಮ್ಮನಿಗೆ ಹೇಳುತ್ತೀಯ, ಅಮ್ಮ ಅಳುತ್ತಾಳೆ ಎಂಬುದು ಒಂದು ಕಾರಣ. ಮೂರನೆಯದೂ ಹೋಯಿತೇ ಎಂದು ನೀನು ನಗುತ್ತೀಯ ಎಂಬುದು ನಿಜವಾದ ಕಾರಣ. ನಿನಗೆ ಹೌದೋ ಇಲ್ಲವೋ ಎಂದು ಕೇಳುತ್ತಾ ನಾನೇ ಹೀಗೆ ಮಾಡಿದೆ. ನಾಚಿಕೆಯಾಗಿದೆ.

ಆದರೆ ಕಾಗದ ನಾನು ಬರೆಯುವುದಿಲ್ಲ. ಅರ್ಜಿ ನನ್ನ ಅಕ್ಷರದಲ್ಲಿ ಹೋಗಿ ಏನಾಯಿತು ಎಂದು ನೋಡಿದೆಯಲ್ಲ. ಆರನೇ ತಾರೀಕು ನೀನೇ ಹೋಗು. ಮಂಡಿಗೆ ಬಟ್ಟೆ ಸುತ್ತಿಕೋ, ಅಮ್ಮನ ಭುಜ ಹಿಡಿದುಕೋ. ಲಾಂಡ್ರಿಯವನ ಮುಂದೆ ನಿಂತಾಗ ನನಗೆ ಮೊದಲ ಮಾತು ಆಡುವುದಷ್ಟೇ ಕಷ್ಟವಾಯಿತು. ಎರಡು ನಿಮಿಷದಲ್ಲಿ ಮುಗಿದುಹೋಗುತ್ತದೆ.

ಕಣ್ಣಾರೆ ಕಂಡಿದ್ದಾಳೆ ಎಂಬ ಸಾಲನ್ನೂ ಹೊಡೆದುಹಾಕಿಸು.

ನಿನ್ನ ಬುಗುರಿ


ಮೇ 9

ಬುಗುರಿಗೆ,

ಹೋಗಿದ್ದೆ. ನಿನ್ನ ಅಮ್ಮ ಹೊಲಿಗೆ ಬಿಟ್ಟು ಜೊತೆಗೆ ಬಂದಳು. ದಾರಿಯಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಆ ಲಕೋಟೆ ವಿಷಯದಲ್ಲಿ ನನ್ನ ಮೇಲೆ ಅನುಮಾನಪಟ್ರಲ್ಲ ಅಪ್ಪಾ" ಎಂದಳು. ಊರಿಗೆ ಊರೇ ಮುಳುಗುತ್ತಿರುವಾಗ ಇವಳಿಗೆ ಲಕೋಟೆ. ತಪ್ಪಾಯಿತು ಕಣಮ್ಮ ಅಂದೆ.

ವಿಚಾರಣೆಯ ಕೋಣೆಯಲ್ಲಿ ಇಂಜಿನಿಯರು, ಇಬ್ಬರು ಗುಮಾಸ್ತರು, ಬಾಗಿಲ ಹತ್ತಿರ ಕೊಕ್ಕರೆ. ಹೊರಗೆ ಎರಡೂ ಕಡೆಯವರ ಜನ. ನಾನು ಹೇಳಿದೆ. ಇಂಜಿನಿಯರು ನಂಬಲಿಲ್ಲ. "ಯಾರಾದ್ರೂ ಹೆದರಿಸಿದ್ರಾ ಯಜಮಾನ್ರೇ?" ಎಂದು ಮೂರು ಸಲ ಕೇಳಿದರು. "ಕೀಲಿ ಕೊಡಿ, ತೋರಿಸ್ತೀನಿ" ಅಂದೆ. ಎಲ್ಲರೂ ಗಿರಣಿಯ ಮುಂದೆ ಬಂದೆವು. ಕೀಲಿ ಹಿಡಿದು ತಳ್ಳಿದೆ, ಅಲುಗಲಿಲ್ಲ. ಕೊಕ್ಕರೆ ಅಷ್ಟು ಬಿಗಿದಿದ್ದ. ಕೊನೆಗೆ ಅವನೇ ಬಂದು ಹಿಡಿಯ ಇನ್ನೊಂದು ತುದಿಗೆ ಕೈ ಹಾಕಿದ. ಇಬ್ಬರೂ ಸುತ್ತಿದೆವು. ಏಳು ಸುತ್ತು, ಬಲಕ್ಕೆ. ಗಿರಣಿಯವನ ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಧೋ ಎಂದಿತು.

ಕೊಕ್ಕರೆಗೆ ಅವತ್ತೇ ಕೆಲಸ ವಾಪಸು ಸಿಕ್ಕಿತು. ನಿನ್ನ ಹೆಸರಿದ್ದ ಸಾಲನ್ನು ಇಂಜಿನಿಯರೆದುರಿಗೇ ಹೊಡೆದು, ಪಕ್ಕದಲ್ಲಿ ಸಹಿ ಹಾಕಿದೆ. ನಮಸ್ಕಾರಣ್ಣನ ಆಟೋ ಸಂಜೆಗೇ "ಕೌನ್ಸಿಲರ ಪ್ರಯತ್ನದಿಂದ ನೀರು ಬಂತು" ಎನ್ನುತ್ತಿತ್ತು. ನಾನು ಎಷ್ಟಕ್ಕೆ ಮಾರಾಟವಾದೆ ಎಂದು ಡಾಕ್ಟರ ಕಡೆಯವರು ಕ್ಷೌರದಂಗಡಿಯಲ್ಲಿ ವಿಚಾರಿಸುತ್ತಿದ್ದಾರಂತೆ. ನಲವತ್ತಾರು ಜನರಲ್ಲಿ ಒಬ್ಬನೂ ಈಗ ನನ್ನ ಮುಖ ನೋಡುವುದಿಲ್ಲ. ಬಕೆಟ್ ಮಾತ್ರ ನಲವತ್ತೆಂಟು ಸೆಕೆಂಡಿಗೆ ತುಂಬುತ್ತದೆ.

ಕೊಕ್ಕರೆಯ ಮಾತು ಹೇಳಬೇಕು. ಕ್ಷಮಿಸಪ್ಪಾ ಎಂದೆ. ಅವನು ಕೀಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಇಂಥವು ಇನ್ನೆಷ್ಟಿವೆ ಯಜಮಾನ್ರೇ?" ಎಂದು ಕೇಳಿದ. ಇದೊಂದೇ ಎಂದೆ. ನಂಬಲಿಲ್ಲ. ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಬಂದು ಬಾಗಿಲು ತಟ್ಟಿದ. ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ, ಒಂದು ಗುಂಡಿಯ ಮುಚ್ಚಳ ತೆಗೆದು, "ಇದು ಯಾವ ಕಡೆ?" ಎಂದ. ನಾನು ಹೇಳಿದ ಮೇಲೂ ತಾನೇ ತಿರುಗಿಸಿ ನೋಡಿದ. ಈಗ ದಿನವೂ ಬರುತ್ತಾನೆ. ದಿನಕ್ಕೊಂದು ಗುಂಡಿ. ನನ್ನ ಜೊತೆ ಬೇರೆ ಒಂದು ಮಾತೂ ಆಡುವುದಿಲ್ಲ. ಆದರೂ ಐದೂವರೆಗೇ ಎದ್ದು, ಅಂಗಿ ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತೇನೆ. ಎಂಟು ವರ್ಷ ಕಾದದ್ದು ಹೀಗೆ ಬಂತು ನೋಡು.

ನಿನಗೆ ಸುಳ್ಳು ಹೇಳಲಾಗದು, ಅದಕ್ಕೆ ಬರೆಯುತ್ತೇನೆ. ಇನ್ನೊಂದಿದೆ. ಹಾಲಿನ ಬೂತಿನ ಎದುರಿನದು. ಅದೂ ಉಲ್ಟಾ. ಅವನು ಅಲ್ಲಿಗೆ ಬರಲು ಇನ್ನೂ ಒಂಬತ್ತು ಗುಂಡಿ ಬಾಕಿ. ಇವತ್ತೇ ಹೇಳಿಬಿಟ್ಟರೆ ನಾಳೆ ಬರುತ್ತಾನೋ ಇಲ್ಲವೋ. ಒಂಬತ್ತು ದಿನ ತಾನೇ. ಯಾರಿಗೂ ತೊಂದರೆಯಿಲ್ಲ.

ಸೈಕಲ್ ಸ್ಟ್ಯಾಂಡಿನ ವಿಷಯಕ್ಕೆ ನಾನು ನಗಲಿಲ್ಲ. ನಿನ್ನ ಅಮ್ಮ ಅಳಲಿಲ್ಲ. ನಿನ್ನ ಕಾಗದವನ್ನು ಅವಳೂ ಓದಿದಳು, ಈ ಸಲ ನಾನೇ ಕೊಟ್ಟೆ.

ತಾತ


ಮೇ 13

ತಾತ,

ಒಂಬತ್ತು ದಿನದೊಳಗೆ ಹಾಲಿನ ಬೂತಿನ ಹತ್ತಿರ ಪೈಪು ಒಡೆದು, ವಾಲ್ವ್ ಮುಚ್ಚಲು ಹೋದವನು ಇನ್ನಷ್ಟು ತೆರೆದುಬಿಟ್ಟರೆ? ಇಲ್ಲಿ ನಾನು ದಿನಕ್ಕೆ ಮುನ್ನೂರು ಟೋಕನ್ ಕೊಡುತ್ತೇನೆ. ಅದರಲ್ಲಿ ಒಂದನ್ನು ಬಚ್ಚಿಟ್ಟರೂ ಸಂಜೆ ಒಬ್ಬನ ಸೈಕಲ್ ಇನ್ನೊಬ್ಬನ ಪಾಲಾಗುತ್ತದೆ.

ಹೀಗಾಗಿ ಈ ಕಾಗದದ ಜೊತೆಗೇ ಕೊಕ್ಕರೆಗೆ ಒಂದು ಕಾರ್ಡು ಹಾಕಿದ್ದೇನೆ. ನಿನಗೆ ಹೇಳದೆ ಮಾಡುವುದು ಬೇಡವೆಂದು ಅದರಲ್ಲಿದ್ದದ್ದನ್ನು ಇಲ್ಲಿ ಹಾಗೇ ಬರೆಯುತ್ತೇನೆ:

"ಅಣ್ಣ, ಹಾಲಿನ ಬೂತಿನ ಎದುರಿನ ವಾಲ್ವ್ ಕೂಡ ಉಲ್ಟಾ ತಿರುಗುತ್ತದೆ. ಇವತ್ತೇ ಗುರುತು ಹಾಕಿಕೊಳ್ಳಿ. ತಾತ ಇಷ್ಟು ಹೇಳಿದ್ದಾರೆ. ಇನ್ನೂ ಎಷ್ಟು ಇವೆಯೋ ನನಗೆ ಗೊತ್ತಿಲ್ಲ. ಅವರನ್ನು ನಂಬಬೇಡಿ. ದಿನವೂ ಬೆಳಿಗ್ಗೆ ಬಂದು ಕರೆದುಕೊಂಡು ಹೋಗಿ, ಒಂದೂ ಗುಂಡಿ ಬಿಡದೆ ಕೇಳಿ."

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ತಾತ. ನನಗೆ ನಿಜವಾಗಿಯೂ ಗೊತ್ತಿಲ್ಲ.

ಬುಗುರಿ